ವೇಗಕ್ಕೂ ಲೆಕ್ಕವಿದೆ, ತಮ್ಮಾ

ಪುಣೆಯ ವಿಮಾನ ನಗರದಲ್ಲಿ ರೂಮು ಮಾಡಿಕೊಂಡು ಓದುವ, ದುಡಿಯುವ ನಮ್ಮ ಕಡೆಯ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಹೆಮ್ಮೆ, ಜೊತೆಗೆ ಸಣ್ಣದೊಂದು ದಿಗಿಲು. ಹೆಮ್ಮೆ ಯಾಕೆಂದರೆ ನೀನು ಜಾಣ. ದಿಗಿಲು ಯಾಕೆಂದರೆ ನಿನಗೆ ಎಲ್ಲದಕ್ಕೂ ಅವಸರ. ಪ್ರಶ್ನೆ ಪೂರ್ತಿ ಓದುವ ಮೊದಲೇ ಸೂತ್ರ ಬರೆಯುತ್ತೀಯ. ಸಿಗ್ನಲ್ ಹಸಿರಾಗುವ ಮೊದಲೇ ಕ್ಲಚ್ ಬಿಡುತ್ತೀಯ. ಎರಡೂ ಒಂದೇ ಕಾಯಿಲೆ. ಅದೃಷ್ಟಕ್ಕೆ ಎರಡಕ್ಕೂ ಒಂದೇ ಮದ್ದಿದೆ. ಅದು ನಿನ್ನ ಪಿಯುಸಿ ಪುಸ್ತಕದಲ್ಲೇ ಇತ್ತು, ನೀನು ಉರು ಹೊಡೆದು ಪರೀಕ್ಷೆ ಮುಗಿದ ಮೇಲೆ ಮರೆತೆ. ಕೆಲಸ ಮತ್ತು ಶಕ್ತಿಯ ಪ್ರಮೇಯ. ಮುಖ ಸಿಂಡರಿಸಬೇಡ, ಕೇಳು.

ಮಾತು ಇಷ್ಟೇ. ಒಂದು ವಸ್ತುವಿನ ಮೇಲೆ ಎಲ್ಲ ಬಲಗಳೂ ಸೇರಿ ಎಷ್ಟು ಕೆಲಸ ಮಾಡುತ್ತವೋ, ಅದರ ಚಲನಶಕ್ತಿ ಅಷ್ಟೇ ಬದಲಾಗುತ್ತದೆ. ಕೆಲಸ ಅಂದರೆ ಬಲವನ್ನು, ಆ ಬಲದ ದಿಕ್ಕಿನಲ್ಲಿ ಸಾಗಿದ ದೂರದಿಂದ ಗುಣಿಸುವುದು. ಚಲನಶಕ್ತಿ ಅಂದರೆ ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸುವುದು. ಕಿರಾಣಿ ಅಂಗಡಿಯ ಜಮಾ-ಖರ್ಚಿನ ಪುಸ್ತಕ ನೋಡಿದ್ದೀಯಲ್ಲ, ಹಾಗೆ. ಬೆಳಿಗ್ಗೆ ಗಲ್ಲಾದಲ್ಲಿ ಎಷ್ಟಿತ್ತು, ದಿನವಿಡೀ ಎಷ್ಟು ಬಂತು, ಎಷ್ಟು ಹೋಯಿತು ಎಂದು ಗೊತ್ತಿದ್ದರೆ ರಾತ್ರಿ ಎಷ್ಟು ಉಳಿದಿದೆ ಎಂದು ಗಲ್ಲಾ ತೆರೆಯದೆ ಹೇಳಬಹುದು. ಯಾವ ಗಿರಾಕಿ ಎಷ್ಟು ಗಂಟೆಗೆ ಬಂದ ಎಂದು ಕೇಳಬೇಕಾಗಿಲ್ಲ.

ನಮ್ಮ ಕಡೆ ನಾಗರಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಒಬ್ಬ ಜೀಕಿ ಜೀಕಿ, ತಳದ ಮಟ್ಟಕ್ಕಿಂತ ಎರಡೂವರೆ ಮೀಟರ್ ಮೇಲೆ ಹೋಗಿ, ಒಂದು ಕ್ಷಣ ನಿಂತು, ಹಿಂದಕ್ಕೆ ಬರುತ್ತಾನೆ. ತಳದಲ್ಲಿ ಅವನ ವೇಗ ಎಷ್ಟು? ನೀನು ತಕ್ಷಣ 'ವಿ ಈಸ್ ಈಕ್ವಲ್ ಟು ಯು ಪ್ಲಸ್ ಎಟಿ' ಎಂದು ಶುರು ಮಾಡುತ್ತೀಯ. ಅಲ್ಲೇ ಎಡವುತ್ತೀಯ. ಆ ಸೂತ್ರಕ್ಕೆ ವೇಗೋತ್ಕರ್ಷ ಒಂದೇ ಸಮ ಇರಬೇಕು. ಜೋಕಾಲಿ ಕಮಾನಿನಲ್ಲಿ ಬರುತ್ತದೆ, ಗಳಿಗೆ ಗಳಿಗೆಗೂ ದಿಕ್ಕು ಬದಲಿಸುತ್ತದೆ. ಅದನ್ನೆಲ್ಲ ಬಿಡು. ಕೆಲಸ ಮಾಡಿದವರು ಯಾರು ಎಂದು ಮಾತ್ರ ಕೇಳು. ಹಗ್ಗ ಎಳೆಯುತ್ತದೆ ನಿಜ, ಆದರೆ ಅದರ ಎಳೆತ ಯಾವಾಗಲೂ ಚಲನೆಗೆ ಲಂಬ. ಆದ್ದರಿಂದ ಹಗ್ಗದ ಕೆಲಸ ಸೊನ್ನೆ. ಕೆಲಸ ಮಾಡಿದ್ದು ಗುರುತ್ವ ಒಂದೇ. ವೇಗದ ವರ್ಗ ಅಂದರೆ ಎರಡು ಸಲ 9.8 ಸಲ 2.5, ಒಟ್ಟು 49. ವರ್ಗಮೂಲ 7. ಸೆಕೆಂಡಿಗೆ 7 ಮೀಟರ್, ಗಂಟೆಗೆ ಸುಮಾರು 25 ಕಿಲೋಮೀಟರ್. ಜೋಕಾಲಿಯಲ್ಲಿ ಕೂತವನು ಪೈಲ್ವಾನನೋ ಪುಟ್ಟ ಮಗುವೋ ಎಂದು ಕೇಳಬೇಕಾಗಲಿಲ್ಲ, ನೋಡು. ರಾಶಿ ಎರಡೂ ಕಡೆಯಿಂದ ಹಾರಿಹೋಯಿತು.

ಮೇಷ್ಟರಾಗಿ ಉತ್ತರ ಪತ್ರಿಕೆ ತಿದ್ದುತ್ತಾ ಕಂಡ ನಾಲ್ಕು ಮಾತು ಹೇಳುತ್ತೇನೆ.

ಒಂದು, ಪೆನ್ನು ಕಾಗದಕ್ಕೆ ತಾಗಿದ ಕೂಡಲೇ ಸೂತ್ರ ಬರೆಯಬೇಡ, ಚಿತ್ರ ಬರೆ. ಎಲ್ಲಿಂದ ಶುರು, ಎಲ್ಲಿಗೆ ಮುಗಿತಾಯ ಎಂದು ಎರಡು ಚುಕ್ಕೆ ಇಡು. ನಡುವಿನ ದಾರಿಯಲ್ಲಿ ಯಾರ್‍ಯಾರು ತಳ್ಳಿದರು, ಯಾರ್‍ಯಾರು ಹಿಡಿದು ಜಗ್ಗಿದರು ಎಂದು ಪಟ್ಟಿ ಮಾಡು.

ಎರಡು, ಗುರುತ್ವವನ್ನು ಎರಡು ಸಲ ಎಣಿಸಬೇಡ. ಪ್ರಚ್ಛನ್ನಶಕ್ತಿ ಎಂದು ಒಂದು ಕಡೆ ಬರೆದ ಮೇಲೆ ಮತ್ತೆ ಗುರುತ್ವದ ಕೆಲಸ ಎಂದು ಇನ್ನೊಂದು ಕಡೆ ಬರೆಯುವುದು ಜಾಣ ಹುಡುಗರೇ ಮಾಡುವ ತಪ್ಪು. ಒಂದೇ ಸಂಬಳವನ್ನು ಎರಡು ಸಲ ಜಮಾ ಮಾಡಿದರೆ ಲೆಕ್ಕ ಹೊಂದೀತೇ?

ಮೂರು, ಖರ್ಚನ್ನು ಮರೆಯಬೇಡ. ಘರ್ಷಣೆ, ಗಾಳಿ ಇವೆಲ್ಲ ಋಣ ಕೆಲಸ ಮಾಡುವವು. ಜೋಗದ ರಾಜಾ ಧಾರೆ 253 ಮೀಟರ್ ಧುಮುಕುತ್ತದೆ. ಬರೀ ಗುರುತ್ವವನ್ನು ಹಿಡಿದು ಲೆಕ್ಕ ಹಾಕಿದರೆ ತಳದಲ್ಲಿ ನೀರಿನ ವೇಗ ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ ಹತ್ತಿರ ಹತ್ತಿರ 253 ಕಿಲೋಮೀಟರ್! ಎತ್ತರವೂ ವೇಗವೂ ಒಂದೇ ಅಂಕಿ ಬಂತೆಂದು ಕುಣಿಯಬೇಡ, ಅದು ಬರೀ ಕಾಕತಾಳೀಯ. ಮಳೆಗಾಲದಲ್ಲಿ ಜೋಗಕ್ಕೆ ಹೋದವರು ಆ ನೀರು ಅರ್ಧ ದಾರಿಯಲ್ಲೇ ಹುಡಿಯಾಗಿ ಮಂಜಾಗುವುದನ್ನು ನೋಡಿದ್ದಾರೆ. ಗಾಳಿ ತನ್ನ ಪಾಲು ಕಿತ್ತುಕೊಂಡೇ ಬಿಡುತ್ತದೆ. ನಿಜವಾದ ವೇಗ ಅದಕ್ಕಿಂತ ಎಷ್ಟೋ ಕಡಿಮೆ.

ನಾಲ್ಕು, ಈ ಪ್ರಮೇಯದ ಮಿತಿಯನ್ನೂ ತಿಳಿದುಕೋ. ಎಷ್ಟು ವೇಗ ಎಂದು ಕೇಳಿದರೆ ಹೇಳುತ್ತದೆ. ಯಾವ ದಿಕ್ಕಿಗೆ, ಎಷ್ಟು ಹೊತ್ತಿಗೆ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಕೊಟ್ಟದ್ದನ್ನು 3.6ರಿಂದ ಭಾಗಿಸಿ ಸೆಕೆಂಡಿಗೆ ಇಷ್ಟು ಮೀಟರ್ ಮಾಡಿಕೊಳ್ಳುವುದನ್ನೂ ಮರೆಯಬೇಡ. ಅಲ್ಲಿ ಹೋಗುವ ಮಾರ್ಕು ಪುಕ್ಕಟೆ ಹೋಗುವ ಮಾರ್ಕು.

ಪರೀಕ್ಷೆಯ ಮಾತು ಇಲ್ಲಿಗೆ ಸಾಕು. ನಿನ್ನ ಬೈಕಿನ ಮಾತಿಗೆ ಬರುತ್ತೇನೆ.

ಈ ಪ್ರಮೇಯದಲ್ಲಿ ಇರುವ ವಿಷವೆಲ್ಲ 'ವರ್ಗ' ಅನ್ನುವ ಒಂದು ಮಾತಿನಲ್ಲಿದೆ. ವೇಗ ಇಮ್ಮಡಿ ಆದರೆ ಶಕ್ತಿ ನಾಲ್ಕು ಪಟ್ಟು. ಇದನ್ನು ದೊಡ್ಡ ದೊಡ್ಡವರೇ ಒಪ್ಪಲಿಲ್ಲ, ವರ್ಷಗಟ್ಟಲೆ ಜಗಳವಾಡಿದರು. 1722ರ ಸುಮಾರಿಗೆ ಹಾಲೆಂಡಿನ ಗ್ರಾವೆಸಾಂಡೆ ಎಂಬ ಮೇಷ್ಟರು ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದರು. ಇಮ್ಮಡಿ ವೇಗದಲ್ಲಿ ಬಿದ್ದ ಗುಂಡು ಮಣ್ಣಿನಲ್ಲಿ ನಾಲ್ಕು ಪಟ್ಟು ಆಳಕ್ಕೆ ಇಳಿಯಿತು. ಫ್ರಾನ್ಸಿನ ಎಮಿಲಿ ದು ಶಾತಲೆ ಎಂಬ ವಿದುಷಿ 1740ರಲ್ಲಿ ಬರೆದ ಭೌತವಿಜ್ಞಾನದ ಪುಸ್ತಕದಲ್ಲಿ ಈ ವರ್ಗದ ಪರವಾಗಿಯೇ ವಾದಿಸಿದಳು. ನಿನಗೆ ಪುಸ್ತಕದ ಮೇಲೆ ನಂಬಿಕೆ ಇಲ್ಲದಿದ್ದರೆ ಗಣೇಶ ಚತುರ್ಥಿಯ ಹೊತ್ತಿಗೆ ಪುಣೆಯಲ್ಲಿ ಮೂರ್ತಿ ಮಾಡುವ ಶಾಡು ಮಣ್ಣು ಸಿಗುತ್ತದೆ, ಒಂದು ಮುದ್ದೆ ತಂದು ಗೋಲಿ ಬೀಳಿಸಿ ನೋಡು. ಒಮ್ಮೆ ಮೊಣಕಾಲಿನ ಎತ್ತರದಿಂದ, ಇನ್ನೊಮ್ಮೆ ಅದರ ನಾಲ್ಕು ಪಟ್ಟಿನಿಂದ. ನಾಲ್ಕು ಪಟ್ಟು ಎತ್ತರದಿಂದ ಬಂದ ಗೋಲಿಯ ವೇಗ ಎರಡೇ ಪಟ್ಟು. ಕುಳಿ ಎಷ್ಟು ದೊಡ್ಡದೆಂದು ಬೆರಳು ಇಟ್ಟು ನೋಡು.

ಈಗ ವಿಮಾನ ನಗರದ ದತ್ತ ಮಂದಿರ ಚೌಕಕ್ಕೆ ಬಾ. ಸಂಜೆ ಹೊತ್ತು, ಜನವೋ ಜನ. ಇಬ್ಬರು ಬೈಕಿನವರು ಬರುತ್ತಿದ್ದಾರೆ ಎಂದುಕೋ. ಒಬ್ಬ 30ರಲ್ಲಿ, ಇನ್ನೊಬ್ಬ 50ರಲ್ಲಿ. ಅಡ್ಡಕ್ಕೆ ಒಂದು ಮಗು ಓಡಿಬರುತ್ತದೆ. ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ಬಿಗಿಯಲ್ಲಿ ಬ್ರೇಕ್ ಹಿಡಿಯುತ್ತಾರೆ. 30ರವನು ಆರು ಮೀಟರ್ ಜಾರಿ ಮಗುವಿನ ಎದುರು ಸರಿಯಾಗಿ ನಿಲ್ಲುತ್ತಾನೆ. 50ರವನು ಅದೇ ಜಾಗಕ್ಕೆ ಬಂದಾಗ ಅವನ ವೇಗ ಎಷ್ಟಿರುತ್ತದೆ? ಮನಸ್ಸಿನಲ್ಲೇ ಹೇಳು. 20 ಅಂದೆ ಅಲ್ಲವೇ? ಗೊತ್ತಿತ್ತು.

ಲೆಕ್ಕ ಹಾಕು. ಆರು ಮೀಟರಿನಲ್ಲಿ ಬ್ರೇಕ್ ಮಾಡಿದ ಕೆಲಸ 30ರ ವರ್ಗದಷ್ಟು, ಅಂದರೆ 900. 50ರವನ ಹತ್ತಿರ ಇದ್ದದ್ದು 2,500. ಅದರಲ್ಲಿ 900 ಕಳೆ, ಉಳಿದದ್ದು 1,600. ವರ್ಗಮೂಲ 40. ಅವನು ಮಗುವಿಗೆ ಗುದ್ದುವುದು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ! ಮೊದಲನೆಯವನು ನಿಂತ ಜಾಗದಲ್ಲಿ ಇವನು ತನ್ನ ವೇಗದಲ್ಲಿ ಹತ್ತನ್ನು ಮಾತ್ರ ಕಳೆದುಕೊಂಡಿದ್ದಾನೆ. ಇನ್ನೂ ಒಂದು ಮಾತಿದೆ. ಮಗು ಕಣ್ಣಿಗೆ ಬಿದ್ದು ಬೆರಳು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ 30ರವನು ಎಂಟು ಮೀಟರ್ ಬಂದಿರುತ್ತಾನೆ, ಆಮೇಲೆ ಆರು ಮೀಟರ್ ಜಾರಿ, ಒಟ್ಟು ಹದಿನಾಲ್ಕರಲ್ಲಿ ನಿಲ್ಲುತ್ತಾನೆ. 50ರವನು ಆ ಒಂದೇ ಸೆಕೆಂಡಿನಲ್ಲಿ ಹದಿನಾಲ್ಕು ಮೀಟರ್ ಬಂದುಬಿಟ್ಟಿರುತ್ತಾನೆ. ಅವನು ಬ್ರೇಕ್ ಮುಟ್ಟುವ ಮೊದಲೇ ಮಗು ಅಲ್ಲಿ. ಇದು ಒಣ ರಸ್ತೆ, ಒಳ್ಳೆ ಟೈರಿನ ಲೆಕ್ಕ. ಪುಣೆಯ ಮಳೆಗಾಲದ ಲೆಕ್ಕ ನೀನೇ ಹಾಕು.

ಊರಿಂದ ರಾತ್ರಿ ಬಸ್ಸಿನಲ್ಲಿ ಪುಣೆಗೆ ವಾಪಸ್ ಹೋಗುವಾಗ ಬೆಳಗಿನ ಜಾವ ನಿನಗೆ ಎಚ್ಚರ ಇರುವುದಿಲ್ಲ. ಒಂದು ಸಲ ಎದ್ದು ಕೂತು ನೋಡು. ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಹೊಸ ಕಾತ್ರಜ್ ಸುರಂಗದಿಂದ ಹೊರಬಿದ್ದ ಮೇಲೆ ಹೆದ್ದಾರಿ ನರ್ಹೆಯ ಕಡೆಗೆ, ನವಲೆ ಸೇತುವೆಯ ಕಡೆಗೆ ಇಳಿಯುತ್ತಾ ಹೋಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ಹೋಗುವ ಲಾರಿಗಳೆಲ್ಲ ಇದೇ ಇಳಿಜಾರಿನಲ್ಲಿ ಇಳಿಯಬೇಕು. ಕೆಲವು ಡ್ರೈವರುಗಳು ನಾಲ್ಕು ಕಾಸಿನ ಡೀಸೆಲ್ ಉಳಿಸಲು ಗಾಡಿಯನ್ನು ನ್ಯೂಟ್ರಲ್ ಮಾಡಿ ಬಿಟ್ಟುಬಿಡುತ್ತಾರೆ. 2022ರ ನವೆಂಬರ್ 20ರ ರಾತ್ರಿ ಹೀಗೆ ಇಳಿದು ಬಂದ ಒಂದು ಲಾರಿ ಸೇತುವೆಯ ಹತ್ತಿರ ಸಾಲು ಸಾಲಾಗಿ ವಾಹನಗಳಿಗೆ ಗುದ್ದಿತು. ಜಖಂ ಆದ ವಾಹನಗಳು 48 ಎಂದು ಪತ್ರಿಕೆಗಳು ಬರೆದವು. ಅಲ್ಲಿ ಅದು ಮೊದಲನೆಯ ಅಪಘಾತವೂ ಅಲ್ಲ, ಕೊನೆಯದೂ ಆಗಲಿಲ್ಲ.

ನ್ಯೂಟ್ರಲ್ ಆದರೆ ಏನಾಗುತ್ತದೆ? ಗೇರಿನಲ್ಲಿದ್ದರೆ ಎಂಜಿನ್ನೇ ಚಕ್ರವನ್ನು ಹಿಡಿದು ಜಗ್ಗುತ್ತದೆ, ಋಣ ಕೆಲಸದಲ್ಲಿ ಅದೂ ಪಾಲು ಹೊರುತ್ತದೆ. ನ್ಯೂಟ್ರಲ್ ಮಾಡಿದರೆ ಆ ಪಾಲೂ ಬ್ರೇಕಿನ ತಲೆಯ ಮೇಲೆ. 40 ಟನ್ನಿನ ಲಾರಿ ನೆಟ್ಟಗೆ 40 ಮೀಟರ್ ಎತ್ತರ ಇಳಿಯಿತು ಎಂದುಕೋ. ಯಾರೂ ಹಿಡಿಯದಿದ್ದರೆ ಅದರ ವೇಗ ಸೆಕೆಂಡಿಗೆ 28 ಮೀಟರ್, ಗಂಟೆಗೆ 100 ಕಿಲೋಮೀಟರ್ ಆಗಬೇಕು. ಟೈರು, ಗಾಳಿ ಒಂದಿಷ್ಟು ತಿಂದರೂ ಉಳಿಯುವುದು ಸಣ್ಣದಲ್ಲ. ವೇಗ ಏರದಂತೆ ಬ್ರೇಕ್ ಒಂದೇ ಹಿಡಿದರೆ, ಆ 40 ಮೀಟರಿನಲ್ಲಿ ಹುಟ್ಟುವ ಶಾಖ 50 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಬಚ್ಚಲ ಒಲೆಯ ಮೇಲಿನ ಹಂಡೆ ತುಂಬ ನೀರು! ಇಳಿಜಾರು ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ 40 ಮೀಟರಿಗೆ ಇನ್ನೊಂದು ಹಂಡೆ. ಬ್ರೇಕ್ ಲೈನರು ಕಾದು ಕೆಂಡವಾಗಿ ಹಿಡಿತ ಬಿಡುತ್ತದೆ. ಎಂಜಿನ್ ಪೂರ್ತಿ ಆರಿಸಿದ್ದರೆ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಲ್ಲುತ್ತದೆ. ಆಮೇಲೆ ದೇವರೇ ಗತಿ. ಹಳೆಯ ಡ್ರೈವರುಗಳು ಒಂದು ಮಾತು ಹೇಳುತ್ತಾರೆ: ಯಾವ ಗೇರಿನಲ್ಲಿ ಏರುತ್ತೀಯೋ ಅದೇ ಗೇರಿನಲ್ಲಿ ಇಳಿ. ಅವರಲ್ಲಿ ಎಷ್ಟೋ ಜನ ಪಿಯುಸಿ ಮೆಟ್ಟಿಲು ಹತ್ತಿದವರಲ್ಲ. ಆದರೂ ಪ್ರಮೇಯ ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು.

ರೈಲಿನವರು ಇದನ್ನು ಇನ್ನೂ ಶಿಸ್ತಾಗಿ ಮಾಡಿದ್ದಾರೆ. ಪುಣೆಯಿಂದ ಮುಂಬೈಗೆ ಹೋಗುವ ಭೋರ್ ಘಾಟಿನ ಹಳಿ 1863ರಲ್ಲಿ ತೆರೆಯಿತು. ಅಲ್ಲಿ 37 ಮೀಟರ್ ಸಾಗಿದರೆ ಒಂದು ಮೀಟರ್ ಇಳಿತ. ನಮ್ಮ ಕ್ಯಾಸಲ್ ರಾಕಿನಿಂದ ಗೋವೆಯ ಕಡೆ ಇಳಿಯುವ ಘಾಟಿನಲ್ಲೂ ಅಷ್ಟೇ ಕಡಿದು. ಇಂಥ ಕಡೆ ಕ್ಯಾಚ್ ಸೈಡಿಂಗ್ ಎಂದು ಒಂದು ಪಕ್ಕದ ಹಳಿ ಹಾಕಿರುತ್ತಾರೆ. ಅದು ಕೆಳಗೆ ಇಳಿಯುವುದಿಲ್ಲ, ಗುಡ್ಡದ ಕಡೆಗೆ ಮೇಲಕ್ಕೆ ಏರುತ್ತದೆ. ಹಿಡಿತ ತಪ್ಪಿದ ಗಾಡಿ ಅದಕ್ಕೆ ತಿರುಗಿದರೆ, ಇಳಿಯುವಾಗ ಕೊಟ್ಟಿದ್ದ ಶಕ್ತಿಯನ್ನು ಗುರುತ್ವವೇ ವಾಪಸ್ ಕಿತ್ತುಕೊಂಡು ಗಾಡಿಯನ್ನು ನಿಲ್ಲಿಸುತ್ತದೆ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ ಎಂದು ಮೊದಲೇ ಒಪ್ಪಿಕೊಂಡು, ಅದಕ್ಕೆ ಜಾಗ ಬಿಟ್ಟು ಕಟ್ಟಿದ ಬುದ್ಧಿ ಅದು. ನಿನ್ನ ದಿನಚರಿಯಲ್ಲಿ ಅಂಥದೊಂದು ಹಳಿ ಇದೆಯೇ ನೋಡಿಕೋ. ಎಂಟು ಗಂಟೆಯ ಕ್ಲಾಸಿಗೆ ಏಳು ಐವತ್ತೈದಕ್ಕೆ ಗಾಡಿ ಸ್ಟಾರ್ಟ್ ಮಾಡುವವನಿಗೆ ಎಲ್ಲಿಯ ಸೈಡಿಂಗ್?

ನಿನ್ನ ತಲೆಯ ಮೇಲೆಯೇ ಹಾರಿಹೋಗುವ ವಿಮಾನಗಳ ಲೆಕ್ಕ ಎಂದಾದರೂ ಹಾಕಿದ್ದೀಯಾ? ಲೋಹಗಾಂವ್ ನಿಲ್ದಾಣದ ರನ್‌ವೇ ಸುಮಾರು ಎರಡೂವರೆ ಕಿಲೋಮೀಟರ್. 64 ಟನ್ ತೂಕದ ಒಂದು ವಿಮಾನ ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ನೆಲ ಮುಟ್ಟಿತು ಎಂದುಕೋ. ಅದರ ಚಲನಶಕ್ತಿ 157 ಮೆಗಾಜೂಲ್. ನಾಲ್ಕೂವರೆ ಲೀಟರ್ ಡೀಸೆಲ್ ಉರಿಸಿದರೆ ಹುಟ್ಟುವ ಶಾಖ ಅಷ್ಟು. ಇಷ್ಟೇನಾ ಎನ್ನಬೇಡ. ಅಷ್ಟನ್ನು 1,200 ಮೀಟರಿನಲ್ಲಿ ಕರಗಿಸಬೇಕಾದರೆ ಉದ್ದಕ್ಕೂ 13 ಟನ್ ತೂಕದಷ್ಟು ಬಲ ಹಿಡಿದಿರಬೇಕು. 600 ಮೀಟರ್ ಮಾತ್ರ ಇದ್ದರೆ 26 ಟನ್. ಶಕ್ತಿ ಅಷ್ಟೇ, ದೂರ ಅರ್ಧವಾದರೆ ಬಲ ಇಮ್ಮಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

ಹಾಸಿಗೆ ಸಾಲದೆ ಹೋದ ದಿನವನ್ನು ಕರ್ನಾಟಕ ಮರೆತಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜಪೆಯಲ್ಲಿ ಇಳಿಯಿತು. ಗುಡ್ಡದ ನೆತ್ತಿಯ ಮೇಲಿನ ಆ ರನ್‌ವೇ 2,450 ಮೀಟರ್. ವಿಮಾನ ನೆಲ ಮುಟ್ಟಿದ್ದು ಅದರಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲೆ. ಇಳಿಯಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದು ತನಿಖೆಯಲ್ಲಿ ಹೊರಬಂತು. ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಉಳಿದವರು ಎಂಟೇ ಜನ. ಇದರ ಮೇಲೆ ನಾನು ಉಪದೇಶ ಮಾಡುವುದಿಲ್ಲ. ಒಂದೇ ಮಾತು ನೆನಪಿಟ್ಟುಕೋ: ಆಗುತ್ತಿಲ್ಲ ಎಂದು ಕಂಡಾಗ ಒಂದು ಸುತ್ತು ಹಾಕಿ ಮತ್ತೆ ಬರುವುದು ಸೋಲಲ್ಲ. ಪಕ್ಕದವನು ಬೇಡ ಅಂದಾಗ ಕಿವಿಗೊಡುವುದು ಸಣ್ಣತನವೂ ಅಲ್ಲ.

ಇನ್ನು ಹೆಲ್ಮೆಟ್. ಬೇಡವೇ ಬೇಡ ಎಂದು ಬೀದಿಗಿಳಿದು ಪ್ರತಿಭಟನೆ ಮಾಡಿದ ಊರು ನಿನ್ನ ಪುಣೆ. ಊರಿನವರ ಹುರುಪು ಅವರಿಗಿರಲಿ, ತಲೆ ನಿನ್ನದು. ಬಿದ್ದಾಗ ತಲೆಯಲ್ಲಿರುವ ಶಕ್ತಿಯನ್ನು ಯಾರಾದರೂ ಕೆಲಸ ಮಾಡಿ ತೀರಿಸಲೇಬೇಕು. ಬರೀ ತಲೆ ಕಲ್ಲಿಗೆ ಬಡಿದರೆ ನಿಲ್ಲಲು ಸಿಗುವ ದೂರ ಕೆಲವೇ ಮಿಲಿಮೀಟರ್. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲ್ ಜಜ್ಜಿಹೋಗುತ್ತಾ ಎರಡು ಮೂರು ಸೆಂಟಿಮೀಟರ್ ಕೊಡುತ್ತದೆ. ದೂರ ಹತ್ತು ಪಟ್ಟಾದರೆ ಬಲ ಹತ್ತರಲ್ಲೊಂದು ಪಾಲು. ಆ ಎರಡು ಬೆರಳಗಲ ದೂರವನ್ನು ನೀನು ಸಾವಿರ ರೂಪಾಯಿ ಚಿಲ್ಲರೆ ಕೊಟ್ಟು ಕೊಳ್ಳುತ್ತಿದ್ದೀಯ. ಕೊಂಡದ್ದನ್ನು ಮೊಣಕೈಗೆ ನೇತುಹಾಕಿಕೊಂಡು ಹೋದರೆ ಉಳಿಯುವುದು ಮೊಣಕೈ. ಪಟ್ಟಿ ಬಿಗಿಯದಿದ್ದರೆ ಮೊದಲು ಹಾರುವುದೇ ಹೆಲ್ಮೆಟ್. ಒಮ್ಮೆ ಏಟು ತಿಂದು ಜಜ್ಜಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ, ಹೊಸದು ತಗೋ.

ವೇಗ ಬೇಡ ಎನ್ನುವ ಮುದುಕ ನಾನಲ್ಲ. ನಿನ್ನ ವಯಸ್ಸಿಗೆ ವೇಗ ಚೆಂದ. ಆದರೆ ಬಿಟ್ಟಿ ವೇಗ ಎಂಬುದು ಇಲ್ಲ. ಪಡೆಯುವಾಗ ಯಾರೋ ಕೆಲಸ ಮಾಡಿರುತ್ತಾರೆ, ಬಿಡುವಾಗಲೂ ಯಾರೋ ಕೆಲಸ ಮಾಡಲೇಬೇಕು. ಬ್ರೇಕಿಗೆ ಸಾಕಷ್ಟು ದೂರ ಕೊಟ್ಟರೆ ಬ್ರೇಕೇ ತೀರಿಸುತ್ತದೆ. ಕೊಡದಿದ್ದರೆ ಎದುರಿನ ಗೋಡೆಯೋ ನಿನ್ನ ಮೂಳೆಯೋ ತೀರಿಸಬೇಕಾಗುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಮೊದಲು ಚಿತ್ರ ಬರೆ. ಗಲ್ಲಿಯಲ್ಲಿ 30 ದಾಟಬೇಡ. ಇಳಿಜಾರಿನಲ್ಲಿ ಗೇರು ಬಿಡಬೇಡ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೋ. ಈ ನಾಲ್ಕು ಮಾಡಿದರೆ ಮಾರ್ಕೂ ಬರುತ್ತದೆ, ನೀನೂ ಹಬ್ಬಕ್ಕೆ ಊರಿಗೆ ಬರುತ್ತೀಯ.